ಬೆಂಗಳೂರಿಗೆ ಹೋಗಲೋ, ಮ್ಯೂನಿಕ್‌ಗೆ ಹೋಗಲೋ? ಹುಬ್ಬಳ್ಳಿಯಲ್ಲಿ ಇನ್ನು ಇರಲು ಆಗುವುದಿಲ್ಲ

ಕುಂದಗೋಳದ_ಕೋಡರ್:

ಎಲ್ಲರಿಗೂ ನಮಸ್ಕಾರ. ವಯಸ್ಸು 33, ವಿಟಿಯುನಲ್ಲಿ ಬಿಇ, ಒಂಬತ್ತು ವರ್ಷದಿಂದ ಜಾವಾ ಮತ್ತು ಸ್ಪ್ರಿಂಗ್ ಬೂಟ್ ಕೆಲಸ. ಹುಬ್ಬಳ್ಳಿಯ ಒಂದು ಚಿಕ್ಕ ಕಂಪನಿಯಲ್ಲಿದ್ದೇನೆ. ದೊಡ್ಡ ಕ್ಲೈಂಟ್ ಈ ಸಲ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಎರಡು ತಿಂಗಳಿಂದ ಸಂಬಳ ತಡ, ಟೀಮಿನಲ್ಲಿ ಅರ್ಧ ಜನ ಹೊರಟು ಹೋದರು. ಇನ್ನು ಇಲ್ಲಿ ಕಾಯುವುದರಲ್ಲಿ ಅರ್ಥವಿಲ್ಲ ಅಂತ ಹುಡುಕಲು ಶುರು ಮಾಡಿದೆ, ಎರಡು ಕಡೆ ಆಯಿತು.

ಒಂದು ಬೆಂಗಳೂರು, ಔಟರ್ ರಿಂಗ್ ರೋಡಿನಲ್ಲಿ ಆಫೀಸು. ಸಿಟಿಸಿ, ಅಂದರೆ ವರ್ಷದ ಒಟ್ಟು ಪ್ಯಾಕೇಜ್, 26 ಲಕ್ಷ, ಅದರಲ್ಲಿ 2 ಲಕ್ಷ ವೇರಿಯಬಲ್. ಕೈಗೆ ಬರುವುದು ತಿಂಗಳಿಗೆ ಒಂದೂವರೆ ಲಕ್ಷದ ಆಸುಪಾಸು. 30 ದಿನದಲ್ಲಿ ಸೇರಬೇಕಂತೆ, ನನ್ನ ನೋಟಿಸ್ ಪೀರಿಯಡ್ 90 ದಿನ. ಇನ್ನೊಂದು ಮ್ಯೂನಿಕ್, ವರ್ಷಕ್ಕೆ 58,000 ಯೂರೋ, ಬ್ಲೂ ಕಾರ್ಡ್ (ಡಿಗ್ರಿ ಇರುವ ವಿದೇಶಿಯರಿಗೆ ಅಲ್ಲಿ ಇದ್ದು ಕೆಲಸ ಮಾಡಲು ಕೊಡುವ ಪರವಾನಗಿ) ಮೇಲೆ ಕರೆಸಿಕೊಳ್ಳುತ್ತಾರೆ. ನೂರರಿಂದ ಗುಣಿಸಿದರೆ ತಲೆ ತಿರುಗುತ್ತದೆ, ಆದರೆ ಅದು ಸರಿಯಾದ ಲೆಕ್ಕ ಅಲ್ಲ ಅನ್ನುವುದೂ ಗೊತ್ತು.

ಮನೆಯಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು. ಅಪ್ಪ ಅವ್ವ ಕುಂದಗೋಳ ತಾಲ್ಲೂಕಿನ ಊರಲ್ಲಿದ್ದಾರೆ. ಅಪ್ಪನಿಗೆ ಹೋದ ವರ್ಷ ಸ್ಟೆಂಟ್ ಹಾಕಿದೆ. ನಾನೊಬ್ಬನೇ ಮಗ. ಮ್ಯೂನಿಕ್ ಅಂದರೆ ಖುಷಿ ಆಗುತ್ತದೆ, ಅದೇ ಗಳಿಗೆಗೆ ಅಪ್ಪನ ಮುಖ ಕಣ್ಣ ಮುಂದೆ ಬರುತ್ತದೆ. ಹೋಗಿ ಬಂದವರು, ಅಲ್ಲೇ ಇರುವವರು ದಯವಿಟ್ಟು ಹೇಳಿ.

ಇಸಾರ್_ತೀರ:

ಮ್ಯೂನಿಕ್‌ಗೆ ಬಂದು ಆರು ವರ್ಷ ಆಯಿತು, ಊರು ದಾವಣಗೆರೆ. ಮೊದಲು ದುಡ್ಡಿನ ವಿಷಯ. 58,000ದಲ್ಲಿ ತೆರಿಗೆ, ಪಿಂಚಣಿ, ಆರೋಗ್ಯ ವಿಮೆ ಎಲ್ಲ ಕಳೆದರೆ, ಹೆಂಡತಿ ನಿಮ್ಮ ಜೊತೆಗಿದ್ದು ನೀವು ಮೂರನೇ ಟ್ಯಾಕ್ಸ್ ಕ್ಲಾಸ್ (ಮದುವೆಯಾದವರಿಗೆ ತಿಂಗಳ ತೆರಿಗೆ ಕಡಿಮೆ ಹಿಡಿಯುವ ವರ್ಗ) ತಗೊಂಡರೆ, ತಿಂಗಳಿಗೆ 3,400 ಯೂರೋ ಆಸುಪಾಸು ಕೈಗೆ ಬರುತ್ತದೆ. ಮಗು ಇಲ್ಲಿದ್ದರೆ ಸರ್ಕಾರ ಕಿಂಡರ್‌ಗೆಲ್ಡ್ ಅಂತ ಮಕ್ಕಳ ಭತ್ಯೆ ಕೊಡುತ್ತದೆ, 2026ರಲ್ಲಿ ತಿಂಗಳಿಗೆ 259 ಯೂರೋ. ಹೆಂಡತಿಗೆ ಸಂಪಾದನೆ ಇಲ್ಲದಿದ್ದರೆ ನಿಮ್ಮ ವಿಮೆಯಲ್ಲೇ ಅವರೂ ಮಗುವೂ ಸೇರುತ್ತಾರೆ, ಬೇರೆ ಕಂತು ಇಲ್ಲ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ, ಆದರೆ ದೊಡ್ಡ ಮೊತ್ತ ಅದು.

ಬಾಡಿಗೆಯೇ ಕಷ್ಟ. ಜರ್ಮನಿಯಲ್ಲೇ ದುಬಾರಿ ಊರು ಇದು. ಮೂವರಿಗೆ ಸಾಲುವ ಮನೆ 1,500 ಯೂರೋ ಒಳಗೆ ನನಗಂತೂ ಸಿಗಲಿಲ್ಲ. ಅಡ್ವಾನ್ಸ್ ಮಾತ್ರ ಬೆಂಗಳೂರಿನ ಹಾಗಲ್ಲ, ಬರೀ ಬಾಡಿಗೆಯ (ಹೀಟಿಂಗ್, ನೀರಿನಂಥ ಖರ್ಚು ಬಿಟ್ಟು) ಮೂರು ತಿಂಗಳಿಗಿಂತ ಜಾಸ್ತಿ ಕೇಳುವ ಹಾಗಿಲ್ಲ ಅಂತ ಕಾನೂನೇ ಇದೆ. ಇನ್ನೊಂದು ಮಾತು, ಇಲ್ಲಿ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಖಾಲಿ ಇರುತ್ತದೆ. ಸಿಂಕ್ ಕೂಡ ಇರುವುದಿಲ್ಲ. ನಾವು ಮೊದಲ ಹದಿನೈದು ದಿನ ಬಚ್ಚಲಲ್ಲಿ ಪಾತ್ರೆ ತೊಳೆದೆವು. ಅದಕ್ಕೂ ದುಡ್ಡು ತೆಗೆದಿಡಿ.

ಬ್ಲೂ ಕಾರ್ಡ್ ಬಗ್ಗೆ ಚಿಂತೆ ಬೇಡ. ಐಟಿ ಕೆಲಸಕ್ಕೆ 2026ರಲ್ಲಿ ಕನಿಷ್ಠ ಸಂಬಳ 45,934.20 ಯೂರೋ, ನಿಮ್ಮದು ಆರಾಮಾಗಿ ಮೇಲಿದೆ. ಹೊರದೇಶದ ಡಿಗ್ರಿಗೆ ಜರ್ಮನಿಯಲ್ಲಿ ಮಾನ್ಯತೆ ಇದೆಯಾ ಅಂತ ತೋರಿಸುವ ಅನಾಬಿನ್ ಅನ್ನುವ ಜಾಲತಾಣದಲ್ಲಿ ವಿಟಿಯು ಮುಂದೆ ಎಚ್ ಪ್ಲಸ್ (ಮಾನ್ಯತೆ ಇದೆ) ಅಂತ ಇದೆಯಾ, ನಿಮ್ಮ ಡಿಗ್ರಿ ಪಟ್ಟಿಯಲ್ಲಿದೆಯಾ ನೋಡಿ ಪ್ರಿಂಟ್ ತೆಗೆದಿಟ್ಟುಕೊಳ್ಳಿ. 27 ತಿಂಗಳು ಕೆಲಸ ಮಾಡಿ ಎ1 ಮಟ್ಟದ ಜರ್ಮನ್ (ಭಾಷೆಯ ಮಟ್ಟಗಳು ಎ1ರಿಂದ ಸಿ2ವರೆಗೆ, ಎ1 ಎಲ್ಲಕ್ಕಿಂತ ಕೆಳಗಿನದು) ಇದ್ದರೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು, ಬಿ1 ಇದ್ದರೆ 21 ತಿಂಗಳಿಗೇ. ಮೊದಲ ಆರು ತಿಂಗಳು ಸಾಮಾನ್ಯವಾಗಿ ಪ್ರೊಬೇಷನ್. ಆಗ ಎರಡೇ ವಾರದ ನೋಟಿಸ್‌ನಲ್ಲಿ ತೆಗೆಯಬಹುದು. ಅದಕ್ಕೇ ಹೇಳುವುದು, ಸಂಸಾರವನ್ನು ಮೊದಲ ದಿನವೇ ಕರೆದುಕೊಂಡು ಬರಬೇಡಿ.

ಮರಳಿ_ಬಂದವ:

ನಾನು ಸ್ಟುಟ್‌ಗಾರ್ಟ್‌ನಲ್ಲಿ ನಾಲ್ಕು ವರ್ಷ ಇದ್ದು 2024ರಲ್ಲಿ ವಾಪಸ್ ಬಂದೆ. ಕೆಲಸ ಚೆನ್ನಾಗಿತ್ತು. ಆರು ಗಂಟೆ ಮೇಲೆ ಯಾರೂ ಫೋನ್ ಮಾಡುತ್ತಿರಲಿಲ್ಲ, ವರ್ಷಕ್ಕೆ 30 ದಿನ ರಜೆ, ಮಗ ಒಬ್ಬನೇ ನಡೆದು ಶಾಲೆಗೆ ಹೋಗುತ್ತಿದ್ದ. ಆ ನಾಲ್ಕು ವರ್ಷಕ್ಕೆ ನನಗೆ ಬೇಜಾರಿಲ್ಲ.

ಆದರೆ ಅಪ್ಪನಿಗೆ ಲಕ್ವಾ ಹೊಡೆದ ದಿನ ಮರೆಯಲಾರೆ. ಸುದ್ದಿ ಬಂದದ್ದು ಮಧ್ಯಾಹ್ನ. ಟಿಕೆಟ್ ಸಿಕ್ಕಿ, ಬೆಂಗಳೂರಲ್ಲಿ ಇಳಿದು, ಅಲ್ಲಿಂದ ಟ್ಯಾಕ್ಸಿ ಮಾಡಿ ಶಿರಸಿ ತಲುಪುವ ಹೊತ್ತಿಗೆ ಒಂದೂವರೆ ದಿನ ಆಗಿತ್ತು. ಅಷ್ಟರಲ್ಲಿ ಆಸ್ಪತ್ರೆಗೆ ಸೇರಿಸಿದ್ದು, ಸಹಿ ಹಾಕಿದ್ದು, ದುಡ್ಡು ಕಟ್ಟಿದ್ದು ಎಲ್ಲ ನಮ್ಮ ಪಕ್ಕದ ಮನೆಯವರು. ಅಪ್ಪ ಉಳಿದರು, ದೇವರ ದಯೆ. ನೀವು ಒಬ್ಬನೇ ಮಗ ಅಂದಿರಿ, ಹಾಗಾಗಿ ಕೇಳುತ್ತೇನೆ. ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆ ನೋವು ಬಂದರೆ ಗಾಡಿ ತೆಗೆಯುವವರು ಯಾರು? ಆ ಹೆಸರು ಈಗಲೇ ನಿಮ್ಮ ಬಾಯಿಗೆ ಬಂದರೆ ಹೋಗಿ. ಬರದಿದ್ದರೆ ಬೆಂಗಳೂರೇ ಇರಲಿ. ಬೆಳಗ್ಗೆ ವಂದೇ ಭಾರತ್ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಹುಬ್ಬಳ್ಳಿಯಲ್ಲಿರುತ್ತೀರಿ.

ಇನ್ನೊಂದು ವಿಷಯ, ತುಂಬಾ ಮುಖ್ಯ. ಈಗಿನ ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ಅಪ್ಪ ಅವ್ವ ಇದ್ದಾರಾ? ಇದ್ದರೆ ಕೆಲಸ ಬಿಡುವ ಮೊದಲೇ ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಕೇಳಿ. ಹೊಸದಾಗಿ ಮಾಡಿಸಿದರೆ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹೃದಯದ ತೊಂದರೆ ಇದ್ದವರಿಗೆ ಆ ಮೂರು ವರ್ಷ ಬಹಳ ದೊಡ್ಡದು. ಬೆಂಗಳೂರಿನ ಕಂಪನಿ ತಂದೆ ತಾಯಿಗೂ ವಿಮೆ ಕೊಡುತ್ತದಾ ಅಂತಲೂ ಕೇಳಿ. ಕೊಟ್ಟರೆ ಅದನ್ನೂ ಸಂಬಳ ಅಂತಲೇ ಲೆಕ್ಕ ಹಾಕಿ.

ಬ್ಯಾಕೆಂಡ್_ಗೆಳೆಯ:

ಎಲ್ಲಿಗೇ ಹೋಗಿ, ಸಹಿ ಹಾಕಿದ ಆಫರ್ ಲೆಟರ್ ಕೈಗೆ ಬರುವವರೆಗೆ ರಾಜೀನಾಮೆ ಕೊಡಬೇಡಿ. ನನ್ನ ಗೆಳೆಯ ಒಬ್ಬ ಫೋನಿನ ಮಾತು ನಂಬಿ ಪೇಪರ್ ಹಾಕಿ ಐದು ತಿಂಗಳು ಮನೆಯಲ್ಲಿ ಕೂತಿದ್ದ. ಬೆಂಗಳೂರಿನವರು 30 ದಿನ ಅಂದರೆ ನೋಟಿಸ್ ಬೈಔಟ್ ದುಡ್ಡು (ಉಳಿದ ನೋಟಿಸ್ ದಿನಗಳಿಗೆ ಹಳೆ ಕಂಪನಿಗೆ ಕಟ್ಟಬೇಕಾದದ್ದು) ಅವರೇ ಕೊಡುತ್ತಾರಾ ಕೇಳಿ, ಅದೂ ಮೇಲ್‌ನಲ್ಲಿ. ಜರ್ಮನಿಯವರು ಸಾಮಾನ್ಯವಾಗಿ ಕಾಯುತ್ತಾರೆ, ಅಲ್ಲೂ ಮೂರು ತಿಂಗಳ ನೋಟಿಸ್ ಹೊಸದಲ್ಲ. ನಾನಾಗಿದ್ದರೆ ಪಾಸ್‌ಪೋರ್ಟಿಗೆ ವೀಸಾ ಬಿದ್ದ ಮೇಲೆಯೇ ಪೇಪರ್ ಹಾಕುತ್ತಿದ್ದೆ.

ಇಸಾರ್_ತೀರ:

ಅದೊಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಸಂಬಳವೇ ಸರಿಯಾಗಿ ಬರದ ಕಂಪನಿಯಲ್ಲಿ ವೀಸಾ ಬರುವವರೆಗೆ ಕಾದು, ಆಮೇಲೆ ಮತ್ತೆ 90 ದಿನ ಅಂದರೆ ಹೊಸ ಕಂಪನಿಯವರಿಗೂ ಬೇಸರ ಬರುತ್ತದೆ. ಎರಡೂ ಕಡೆ ಸಹಿ ಆದ ಕಾಂಟ್ರ್ಯಾಕ್ಟ್, ಅನಾಬಿನ್ ಪ್ರಿಂಟ್ ಎರಡೂ ಸರಿ ಇದ್ದರೆ ನೋಟಿಸ್ ಕೊಡಬಹುದು.

ಕನ್ನಡ_ಟೀಚರ್:

ಇಷ್ಟು ಜನ ಇಷ್ಟೆಲ್ಲ ಬರೆದಿರಿ. ಸರ್, ನಿಮ್ಮ ಹೆಂಡತಿ ಏನು ಕೆಲಸ ಮಾಡುತ್ತಾರೆ, ಅವರು ಏನು ಹೇಳಿದರು ಅಂತ ನೀವು ಒಂದು ಸಾಲೂ ಬರೆದಿಲ್ಲ. ನಾನು ಗಂಡನ ಜೊತೆ ನ್ಯೂರೆಂಬರ್ಗ್‌ಗೆ ಬಂದವಳು. ಊರಲ್ಲಿ ಏಳು ವರ್ಷ ಹೈಸ್ಕೂಲ್‌ನಲ್ಲಿ ಪಾಠ ಮಾಡಿದ್ದೆ. ಬ್ಲೂ ಕಾರ್ಡ್‌ನವರ ಹೆಂಡತಿಗೆ ವೀಸಾಕ್ಕೆ ಜರ್ಮನ್ ಪರೀಕ್ಷೆ ಬೇಡ, ಬಂದ ದಿನದಿಂದಲೇ ಕೆಲಸ ಮಾಡಬಹುದು ಅಂತ ಎಲ್ಲರೂ ಹೇಳುತ್ತಾರೆ. ಅದು ನಿಜವೇ. ಆದರೆ ಯಾವ ಕೆಲಸ? ನಮ್ಮ ಬಿಎಡ್ ನೋಡಿ ಇಲ್ಲಿ ಯಾರೂ ತರಗತಿಗೆ ಬಿಡುವುದಿಲ್ಲ, ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಲು ಸಿ1, ಸಿ2 ಮಟ್ಟದ ಜರ್ಮನ್ ಬೇಕು. ನಾನು ಮೊದಲ ವರ್ಷ ಕಿಟಕಿ ಹತ್ತಿರ ಕೂತು ಟ್ರಾಮ್ ಎಣಿಸುತ್ತಿದ್ದೆ. ಈಗ ಬಿ2 ಮುಗಿಸಿ ಮಕ್ಕಳ ಕೇಂದ್ರ ಒಂದರಲ್ಲಿ ಸಹಾಯಕಿ ಆಗಿದ್ದೇನೆ, ಚೆನ್ನಾಗಿದ್ದೇನೆ. ಆದರೆ ಹೊರಡುವ ಮೊದಲೇ ನನಗೆ ಯಾರಾದರೂ ಇದನ್ನು ಹೇಳಿದ್ದರೆ ಊರಲ್ಲೇ ಭಾಷೆ ಕಲಿತು ಬರುತ್ತಿದ್ದೆ. ಮೊದಲು ಅವರನ್ನು ಕೂರಿಸಿಕೊಂಡು ಕೇಳಿ. ತೀರ್ಮಾನ ಮಾಡಿದ ಮೇಲೆ ಹೇಳುವುದು ಬೇರೆ, ಕೇಳುವುದು ಬೇರೆ.

ಕುಂದಗೋಳದ_ಕೋಡರ್:

ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಟೀಚರ್ ಮೇಡಂ, ನೀವು ಹೇಳಿದ್ದು ನಾಟಿತು. ನನ್ನ ಹೆಂಡತಿಯೂ ಟೀಚರ್. ಎರಡೂ ಆಫರ್ ವಿಷಯ ಅವಳಿಗೆ ಗೊತ್ತಿತ್ತು, ಆದರೆ ನಿನಗೇನು ಬೇಕು ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಆ ರಾತ್ರಿ ನಿಮ್ಮ ಉತ್ತರವನ್ನೇ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ನೆ ಇದ್ದಳು. ಆಮೇಲೆ ಹೇಳಿದಳು, ಬೆಂಗಳೂರಿಗೆ ಹೋದರೂ ನನ್ನ ಕೆಲಸ ಬಿಡಲೇಬೇಕು, ಟ್ರಾಫಿಕ್‌ನಲ್ಲಿ ನಿಮ್ಮನ್ನೂ ಕಾಣುವುದಿಲ್ಲ, ಬಿಡುವುದೇ ಆದರೆ ಏನಾದರೂ ಹೊಸದು ಕಲಿಯೋಣ. ನೀವು ಮೊದಲು ಹೋಗಿ, ಪ್ರೊಬೇಷನ್ ಮುಗಿಯುವವರೆಗೆ ನಾನು ಇಲ್ಲೇ ಶಾಲೆಯಲ್ಲಿದ್ದು ಸಂಜೆ ಆನ್‌ಲೈನ್‌ನಲ್ಲಿ ಜರ್ಮನ್ ಕಲಿಯುತ್ತೇನೆ ಅಂದಳು. ಆದರೆ ಮಾವನ ವಿಮೆ ಆಗದೆ ಟಿಕೆಟ್ ಬುಕ್ ಮಾಡಬಾರದು, ಅದೊಂದು ಕರಾರು.

ರಾತ್ರಿ ಗಾಡಿ ತೆಗೆಯುವವರ ಹೆಸರು ಕೇಳಿದ್ದಿರಲ್ಲ ಸರ್, ಚಿಕ್ಕಪ್ಪನ ಮಗ ಇದ್ದಾನೆ, ನಮ್ಮ ಮನೆಯಿಂದ ನಾಲ್ಕನೇ ಮನೆ. ಹೋಗಿ ಕೇಳಿದೆ. ಇದನ್ನು ಕೇಳಬೇಕಾ ಅಂತ ಬೈದ. ಅವನ ಹತ್ತಿರ ಆಸ್ಪತ್ರೆಯ ನಂಬರು, ಒಂದಿಷ್ಟು ದುಡ್ಡು ಕೊಟ್ಟಿಡುತ್ತೇನೆ.

ಮ್ಯೂನಿಕ್‌ನವರು ಮೂರೂವರೆ ತಿಂಗಳು ಕಾಯಲು ಒಪ್ಪಿದ್ದಾರೆ, ಕಾಂಟ್ರ್ಯಾಕ್ಟ್ ನಿನ್ನೆ ಬಂತು. ಅನಾಬಿನ್ ಪ್ರಿಂಟ್ ತೆಗೆದಾಯಿತು. ಬೆಂಗಳೂರಿನವರಿಗೆ ನಾಳೆ ಫೋನ್ ಮಾಡಿ ಬರುವುದಿಲ್ಲ ಅಂತ ಹೇಳುತ್ತೇನೆ. ವಿಮೆಯವರು ಸ್ಟೆಂಟ್ ಹಾಕಿದಾಗಿನ ಡಿಸ್ಚಾರ್ಜ್ ಕಾಗದ ಕೇಳಿದ್ದಾರೆ, ಅವ್ವ ಅದನ್ನು ಟ್ರಂಕಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದಾಳಂತೆ. ಭಾನುವಾರ ಊರಿಗೆ ಹೋಗುತ್ತಿದ್ದೇನೆ. ಅಪ್ಪನಿಗೆ ಎಲ್ಲವನ್ನೂ ಅವತ್ತೇ ಹೇಳಬೇಕು.