ಪದಚರ್ಚೆ: 'ವೆಯ್ಟ್ ಸ್ಟಿಗ್ಮಾ'ಗೆ 'ಕಳಂಕ' ಸರಿಯೇ? 'ಬರೆ' ಆಗಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ವಿರಾಜಪೇಟೆಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಮಹಿಳಾ ಸಂಘವೊಂದಕ್ಕೆ ನಾಲ್ಕು ಪುಟದ ಆರೋಗ್ಯದ ಕರಪತ್ರ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರಲ್ಲಿ 'ವೆಯ್ಟ್ ಸ್ಟಿಗ್ಮಾ' ಅನ್ನುವ ಮಾತು ಏಳೆಂಟು ಸಲ ಬರುತ್ತದೆ. ಯಾರಾದರೂ ದಪ್ಪ ಇದ್ದಾರೆ ಅಂದರೆ ಅಷ್ಟಕ್ಕೇ ಅವರನ್ನು ಕೀಳಾಗಿ ಕಾಣುವುದು, ಸೋಮಾರಿ ಅನ್ನುವುದು, ಕೆಲಸಕ್ಕೋ ಮದುವೆಗೋ ಬೇಡ ಅನ್ನುವುದು, ಎಲ್ಲ ಸೇರಿ ಆ ಮಾತು. ಎಚ್‌ಐವಿ, ಕುಷ್ಠರೋಗದ ಕರಪತ್ರಗಳಲ್ಲಿ ಸ್ಟಿಗ್ಮಾಗೆ 'ಕಳಂಕ' ಅಂತ ಇರುವುದನ್ನು ನೋಡಿದ್ದೆ. ನಾನೂ ಸುಮ್ನೆ 'ತೂಕದ ಕಳಂಕ' ಅಂತ ಬರೆದೆ. ಅಕ್ಕನಿಗೆ ಓದಿ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: "ಕಳಂಕ ನನ್ನ ಮೈಮೇಲೆ ಇದೆಯಾ ಹಾಗಾದ್ರೆ?"

ಅಲ್ಲಿಂದ ನನ್ನ ಕೈ ಓಡುತ್ತಿಲ್ಲ.

ಅಕ್ಕ ದಪ್ಪ ಇದ್ದಾಳೆ. ಪೊನ್ನಂಪೇಟೆ ಕಡೆ ಅವಳ ತೋಟ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕಾಲ ಮೇಲೇ ಇರುತ್ತಾಳೆ, ಹಣ್ಣು ತೂಗಿಸುವುದೂ ಅವಳೇ. ಆದರೂ ಮದುವೆಮನೆಯಲ್ಲಿ ಸಿಕ್ಕವರು "ಕೂತು ತಿಂದ್ರೆ ಹೀಗೇ" ಅನ್ನುತ್ತಾರೆ. ಹೋದ ಮಳೆಗಾಲದಲ್ಲಿ ಏರು ಹತ್ತಿದರೆ ಏದುಸಿರು ಬರತೊಡಗಿತು. ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ನರ್ಸ್ ಬಿಪಿ ಪಟ್ಟಿ ಸುತ್ತಿದರು. ಗಾಳಿ ತುಂಬುತ್ತಿದ್ದಂತೆ ಪರ್ ಅಂತ ಬಿಚ್ಚಿಕೊಂಡಿತು. ಮತ್ತೆ ಸುತ್ತಿದರು, ಮತ್ತೆ ಬಿಚ್ಚಿತು. "ಕೈ ದಪ್ಪ ಆಯ್ತು" ಅಂದರು, ಸಾಲಿನಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ. ಮೂರನೇ ಸಲ ಪಟ್ಟಿಯನ್ನು ಕೈಯಲ್ಲೇ ಒತ್ತಿ ಹಿಡಿದುಕೊಂಡು ನೋಡಿದರು. ಬಿಪಿ ಜಾಸ್ತಿ ಬಂತು. ಒಳಗೆ ಡಾಕ್ಟರು ಚೀಟಿಯ ಮೇಲೆ ತೂಕ ಇಳಿಸಿ ಅಂತ ಬರೆದು ಕಳಿಸಿದರು.

ಅಕ್ಕ ಆಮೇಲೆ ಎರಡು ತಿಂಗಳು ಯಾವ ಆಸ್ಪತ್ರೆಗೂ ಬರಲಿಲ್ಲ. ಹಟ ಹಿಡಿದು ಬೇರೆ ಕಡೆ ಕರೆದುಕೊಂಡು ಹೋದಾಗ ಅಲ್ಲಿ ದೊಡ್ಡ ಪಟ್ಟಿ ಇತ್ತು. ಬಿಪಿ ಸರಿಯಾಗಿಯೇ ಇತ್ತು. ಚಿಕ್ಕ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ ಅಂತ ಅಲ್ಲಿನವರು ಹೇಳಿದರು. ಏದುಸಿರಿಗೆ ಕಾರಣ ರಕ್ತ ಕಡಿಮೆ ಆಗಿದ್ದು. ಮೊದಲ ದಿನವೇ ಒಂದು ರಕ್ತಪರೀಕ್ಷೆ ಮಾಡಿಸಿದ್ದರೆ ಗೊತ್ತಾಗುತ್ತಿತ್ತು.

ಇದನ್ನು ಇಷ್ಟು ಉದ್ದ ಹೇಳಿದ್ದು ಯಾಕೆ ಅಂದರೆ, ನನ್ನ ಪ್ರಶ್ನೆ ಆ ನರ್ಸ್ ಆಡಿದ ವಾಕ್ಯದಲ್ಲೇ ಇದೆ. "ಪಟ್ಟಿ ಚಿಕ್ಕದಾಯ್ತು" ಅನ್ನಬಹುದಿತ್ತು. "ಕೈ ದಪ್ಪ ಆಯ್ತು" ಅಂದರು. 'ಕಳಂಕ' ಅನ್ನುವ ಪದವೂ ಹಾಗೇ ಮಾಡುತ್ತದೆ ಅಂತ ನನಗೆ ಕಾಣುತ್ತದೆ. ಕಳಂಕ ಚಂದ್ರನ ಮೇಲಿರುತ್ತದೆ, ಅದನ್ನು ಹಚ್ಚಿದವರು ಯಾರೂ ಇಲ್ಲ. ದಪ್ಪ ಇರುವವರ ವಿಷಯದಲ್ಲಿ ಹಚ್ಚುವವರು ಇದ್ದಾರೆ, ಅಲ್ವಾ?

ಹಾಗಾಗಿ 'ಬರೆ' ಅನ್ನುವ ಪದ ಮನಸ್ಸಿಗೆ ಬಂತು. ಗ್ರೀಕ್‌ನಲ್ಲಿ ಸ್ಟಿಗ್ಮಾ ಅಂದರೆ ಗುಲಾಮರ, ಅಪರಾಧಿಗಳ ಮೈಮೇಲೆ ಚುಚ್ಚಿಯೋ ಸುಟ್ಟೋ ಹಾಕುತ್ತಿದ್ದ ಗುರುತು. ಸಮಾಜಶಾಸ್ತ್ರಕ್ಕೆ ಈ ಪದವನ್ನು ಗಟ್ಟಿಯಾಗಿ ತಂದವರು ಅರ್ವಿಂಗ್ ಗಾಫ್‌ಮನ್, 1963ರಲ್ಲಿ. ನಮ್ಮ ಬರೆಯೂ ಸುಟ್ಟ ಗುರುತೇ. ಬರೆ ತಾನಾಗಿ ಮೂಡುವುದಿಲ್ಲ, ಯಾರೋ ಕಬ್ಬಿಣ ಕಾಯಿಸಿ ಎಳೆಯಬೇಕು. 'ಗಾಯದ ಮೇಲೆ ಬರೆ' ಅನ್ನುವುದು ಎಲ್ಲರ ಬಾಯಲ್ಲೂ ಇದೆ. 'ತೂಕದ ಬರೆ' ಅಂದರೆ ಸಂಘದ ಹೆಂಗಸರಿಗೆ ವಿವರಿಸದೆ ಅರ್ಥ ಆಗುತ್ತದಾ? 'ಹಣೆಪಟ್ಟಿ' ಅಂತಲೂ ಯೋಚಿಸಿದೆ. ಆದರೆ ಹಣೆಪಟ್ಟಿಯನ್ನು ಕಿತ್ತು ಬಿಸಾಡಬಹುದು ಅನಿಸುತ್ತದೆ, ಬರೆಯ ನೋವು ಅದರಲ್ಲಿಲ್ಲ.

ಎರಡನೆಯದು, ಒಬೆಸಿಟಿಗೆ ಏನನ್ನುವುದು? 'ಸ್ಥೂಲಕಾಯ' ಪತ್ರಿಕೆಯ ಪದ, ಮನೆಯಲ್ಲಿ ಯಾರೂ ಆಡುವುದಿಲ್ಲ. 'ದಢೂತಿ', 'ಡುಮ್ಮಿ', 'ಟೊಣಪ' ಬೈಗುಳಕ್ಕೆ ಹತ್ತಿರ. 'ಗುಂಡ' ಮಗುವಿಗೆ ಮುದ್ದು, ಹನ್ನೆರಡು ವರ್ಷದ ಹುಡುಗನಿಗೆ ಅದೇ ಪದ ಚುಚ್ಚುತ್ತದೆ. 'ಕೊಬ್ಬು' ಅಂತೂ ಬೇಡವೇ ಬೇಡ. ಮೈಯ ಕೊಬ್ಬಿಗೂ ಸೊಕ್ಕಿಗೂ ಕನ್ನಡದಲ್ಲಿ ಒಂದೇ ಪದ. 'ಅವಳಿಗೆ ಕೊಬ್ಬು ಜಾಸ್ತಿ' ಅಂದರೆ ಮೈಯ ಮಾತೋ ನಡತೆಯ ಮಾತೋ, ಕೇಳಿದವಳಿಗೆ ಎರಡೂ ತಾಗುತ್ತದೆ. ಉಳಿದದ್ದು 'ಬೊಜ್ಜು'. ಅದರಲ್ಲೂ ಕ್ರಿಯಾಪದ ನೋಡಿ ಆರಿಸಬೇಕು. 'ಬೊಜ್ಜು ಬೆಳೆಸಿಕೊಂಡಿದ್ದಾಳೆ' ಅಂದರೆ ಆ 'ಕೊಂಡು' ಎಲ್ಲ ತಪ್ಪನ್ನೂ ಅವಳ ತಲೆಗೆ ಕಟ್ಟುತ್ತದೆ. 'ಮಳೇಲಿ ನೆನೆದು ಜ್ವರ ಬರಿಸಿಕೊಂಡೆ' ಅಂತಲೂ ಅನ್ನುತ್ತೇವೆ ನಿಜ. ಆದರೆ ಅಲ್ಲಿ ಕಾಳಜಿ ಇರುತ್ತದೆ, ಕಷಾಯವೂ ಸಿಗುತ್ತದೆ. ಹಾಗಾಗಿ 'ಅವರಿಗೆ ಬೊಜ್ಜು ಇದೆ' ಅಂತ ಬರೆಯಬೇಕೆಂದಿದ್ದೇನೆ. 'ಅವರಿಗೆ ಸಕ್ಕರೆ ಇದೆ' ಅಂದ ಹಾಗೆ. ಇಲ್ಲಿ ಮನುಷ್ಯರು ಮೊದಲು, ಬೊಜ್ಜು ಆಮೇಲೆ.

ಬಳಗದಲ್ಲಿ ಸಂಸ್ಕೃತ ಬಲ್ಲವರು ಇದ್ದೀರಿ. ಚರಕ ಸಂಹಿತೆಯ ಸೂತ್ರಸ್ಥಾನದ 21ನೇ ಅಧ್ಯಾಯದ ಹೆಸರೇ 'ಅಷ್ಟೌನಿಂದಿತೀಯ'. ತುಂಬಾ ಉದ್ದ, ತುಂಬಾ ಗಿಡ್ಡ, ಮೈತುಂಬ ಕೂದಲು, ಕೂದಲೇ ಇಲ್ಲದಿರುವುದು, ತುಂಬಾ ಕಪ್ಪು, ತುಂಬಾ ಬಿಳಿ, ತುಂಬಾ ದಪ್ಪ, ತುಂಬಾ ತೆಳು, ಹೀಗೆ ಎಂಟು ಬಗೆಯವರು 'ನಿಂದಿತರು'. ನಿಂದೆ ಅಷ್ಟು ಹಳೆಯದು. ಆದರೆ ಅದೇ ಅಧ್ಯಾಯ ದಪ್ಪ ಆಗುವುದಕ್ಕೆ ಕಾರಣ ಹೇಳುವಾಗ ಊಟ, ನಿದ್ದೆಯ ಜೊತೆ 'ಬೀಜಸ್ವಭಾವ'ವನ್ನೂ ಸೇರಿಸುತ್ತದೆ. ಹುಟ್ಟಿನಿಂದ ಬಂದದ್ದು ಅಂತ. ಮದುವೆಮನೆಯ ಮಾತುಗಳಲ್ಲಿ ಅದು ಮಾತ್ರ ಬಿಟ್ಟುಹೋಗಿದೆ. 2020ರಲ್ಲಿ ಹಲವು ದೇಶಗಳ ತಜ್ಞರು ಸೇರಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಒಂದು ಹೇಳಿಕೆ ಕೊಟ್ಟರು. ತೂಕ ಬರೀ ಮನಸ್ಸಿನ ಗಟ್ಟಿತನದ ಪ್ರಶ್ನೆ ಅನ್ನುವುದು ವಿಜ್ಞಾನಕ್ಕೆ ಹೊಂದುವುದಿಲ್ಲ, ಈ ಹೀಗಳೆಯುವಿಕೆ ಆರೋಗ್ಯವನ್ನೇ ಕೆಡಿಸುತ್ತದೆ ಅಂತ ಅದರ ತಿರುಳು.

ಇನ್ನೊಂದು ಪದ 'ಕರಗಿಸು'. ನಮ್ಮ ಕಡೆ ಕಾಚಂಪುಳಿ ಕೊಳ್ಳಲು ಹೋದರೆ ಅಕ್ಕನಿಗೆ ಪುಕ್ಕಟೆ ಸಲಹೆ ಸಿಗುತ್ತದೆ: "ಬರೀ ಹೊಟ್ಟೆಗೆ ಕುಡೀರಿ, ಕರಗುತ್ತೆ." ಪಂದಿ ಕರಿಗೆ ಹಾಕುವ ಆ ಕಪ್ಪು ಹುಳಿಯ ಹಣ್ಣಿನ ಜಾತಿ ಗಾರ್ಸಿನಿಯಾ. ಅದರ ಸತ್ವವನ್ನು ತೂಕ ಇಳಿಸುವ ಮಾತ್ರೆ ಅಂತ ದೇಶವಿದೇಶಗಳಲ್ಲಿ ಮಾರುತ್ತಾರೆ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯಲ್ಲಿ, ಆ ಸತ್ವ ತಿಂದವರ ತೂಕ ಬರೀ ಹುಸಿ ಮಾತ್ರೆ ತಿಂದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಬೆಣ್ಣೆ ಕರಗುತ್ತದೆ, ಬೆಲ್ಲ ಕರಗುತ್ತದೆ. ಮೈಗೂ ಅದೇ ಪದ ಹಚ್ಚಿದರೆ, ಕರಗದವರು ಮನಸ್ಸು ಮಾಡಲಿಲ್ಲ ಅಂತಾಗುತ್ತದೆ. ನಾನು ಎಲ್ಲ ಕಡೆ 'ಇಳಿಸು' ಅಂತಲೇ ಇಟ್ಟಿದ್ದೇನೆ.

ನನಗೆ ಬೇಕಾದ ಸಹಾಯ ಇಷ್ಟು. 'ಬರೆ' ಒಪ್ಪಿಗೆಯಾ, ಇಲ್ಲ ಅದಕ್ಕಿಂತ ಸರಿಯಾದದ್ದು ಇದೆಯಾ? ವಾಕ್ಯದ ನಡುವೆ ಬಂದಾಗ 'ಹಂಗಿಸು' ಅಂತ ಬಳಸಬಹುದಾ? ಒಬ್ಬರು ತಿಂದ ತುತ್ತನ್ನು ಎತ್ತಿ ಆಡುವ ನೋವು ಆ ಪದದಲ್ಲಿದೆ, ಅದಕ್ಕೇ ಕೇಳುತ್ತಿದ್ದೇನೆ. ಕೊಡವ ತಕ್ಕ್, ಅರೆಭಾಷೆ ಮನೆಮಾತಿನವರು ದಯವಿಟ್ಟು ಹೇಳಿ: ದಪ್ಪ ಇರುವವರನ್ನು ನೋಯಿಸದೆ ಹೇಳುವ ಪದ ನಿಮ್ಮ ಅಜ್ಜಿಯರ ಬಾಯಲ್ಲಿ ಏನಿತ್ತು? ಮುಂದಿನ ವಾರ ಕರಪತ್ರ ಅಚ್ಚಿಗೆ ಹೋಗುತ್ತದೆ. ಅದಕ್ಕೂ ಮೊದಲು ಅಕ್ಕನಿಗೆ ಇನ್ನೊಮ್ಮೆ ಓದಿ ಹೇಳಬೇಕು.