12,000 ಸದಸ್ಯೆಯರಿಗೆ 400 ಸ್ಯಾಂಪಲ್ ಸಾಕೇ? ಕೈ-ವರ್ಗ (ಕೈ-ಸ್ಕ್ವೇರ್) ಪರೀಕ್ಷೆ ಹಾಕಬಹುದೇ?

ಪ್ರಶ್ನೆ (ಎಂಎ_ನಾಲ್ಕನೇ_ಸೆಮ್)

ಸಮಾಜಶಾಸ್ತ್ರ ಎಂ.ಎ. ಪ್ರಬಂಧಕ್ಕೆ ಒಂದು ತಾಲ್ಲೂಕಿನ ಸ್ತ್ರೀಶಕ್ತಿ ಸಂಘಗಳ ಸದಸ್ಯೆಯರ ಸಮೀಕ್ಷೆ ಮಾಡಬೇಕಿದೆ. ಒಟ್ಟು ಸುಮಾರು 12,000 ಸದಸ್ಯೆಯರು. ಮಾದರಿಯ ಗಾತ್ರ ಹೇಳುವ ಯಮಾನೆ ಸೂತ್ರದಲ್ಲಿ 5% ದೋಷಮಿತಿಗೆ (ಫಲಿತಾಂಶ ನಿಜಸಂಖ್ಯೆಯಿಂದ ಎಷ್ಟು ಆಚೀಚೆ ಆಗಬಹುದು ಎಂಬುದು) 388 ಬಂತು, 400 ಎಂದಿಟ್ಟುಕೊಂಡಿದ್ದೇನೆ. ಓಡಾಟ ತಗ್ಗಿಸಲು 8 ಹಳ್ಳಿ ಆರಿಸಿ ತಲಾ 50 ಮಂದಿಯನ್ನು ಮಾತಾಡಿಸುವ ಯೋಜನೆ. ಮನೆಯ ಹಣಕಾಸು ತೀರ್ಮಾನಗಳ ಬಗ್ಗೆ 5 ಹಂತದ ಲಿಕರ್ಟ್ ಮಾಪಕದಲ್ಲಿ (‘ಖಂಡಿತ ಒಪ್ಪುವುದಿಲ್ಲ’ದಿಂದ ‘ಖಂಡಿತ ಒಪ್ಪುತ್ತೇನೆ’ವರೆಗೆ) 12 ಹೇಳಿಕೆಗಳಿವೆ. ಶಿಕ್ಷಣದ ಜೊತೆ ಇವುಗಳ ಸಂಬಂಧ ನೋಡಲು ಅಂಕಿಅಂಶ ತಂತ್ರಾಂಶವಾದ ಎಸ್‌ಪಿಎಸ್‌ಎಸ್‌ನಲ್ಲಿ ಕೈ-ವರ್ಗ (ಎರಡು ವರ್ಗೀಕರಣಗಳ ನಡುವೆ ಸಂಬಂಧ ಇದೆಯೇ ಎಂದು ನೋಡುವ ಪರೀಕ್ಷೆ) ಹಾಕಿದರೆ ಸರಿಯೇ?

ಉತ್ತರ 1 (ಮಾದರಿ_ಲೆಕ್ಕ)

ತೊಂದರೆ 400ರಲ್ಲಿ ಇಲ್ಲ, 8ರಲ್ಲಿ ಇದೆ. ಯಮಾನೆ ಸೂತ್ರ ಹೊಂದುವುದು ಇಡೀ ಪಟ್ಟಿಯಿಂದ ಸರಳ ಯಾದೃಚ್ಛಿಕವಾಗಿ ಆರಿಸಿದಾಗ ಮಾತ್ರ. ಒಂದೇ ಹಳ್ಳಿಯ ಹೆಂಗಸರಿಗೆ ಅದೇ ಬ್ಯಾಂಕು, ಅದೇ ಕೂಲಿ ದರ, ಅದೇ ಅಂಗನವಾಡಿ ಕಾರ್ಯಕರ್ತೆ. ಉತ್ತರಗಳೂ ಒಂದನ್ನೊಂದು ಹೋಲುತ್ತವೆ. ಐವತ್ತನೆಯವರು ಹೇಳುವ ಹೊಸ ವಿಷಯ ಬಹಳ ಕಡಿಮೆ.

ಲೆಕ್ಕ ಹೀಗೆ: ಡಿಸೈನ್ ಎಫೆಕ್ಟ್ (ಹಳ್ಳಿ ಹಳ್ಳಿಯಾಗಿ ಆರಿಸಿದ್ದರಿಂದ ಮಾದರಿಯ ಬಲ ಎಷ್ಟು ಪಟ್ಟು ಇಳಿಯುತ್ತದೆ ಎಂಬುದು) = 1 + (ಪ್ರತಿ ಹಳ್ಳಿಯ ಸಂಖ್ಯೆ − 1) × ಹಳ್ಳಿಯೊಳಗಿನ ಸಹಸಂಬಂಧ (ಉತ್ತರಗಳು ಎಷ್ಟು ಹೋಲುತ್ತವೆ ಎಂಬ ಅಳತೆ). ಆ ಸಹಸಂಬಂಧ 0.05 ಎಂದಿಟ್ಟುಕೊಳ್ಳಿ. 1 + 49 × 0.05 = 3.45. 400ನ್ನು ಇದರಿಂದ ಭಾಗಿಸಿದರೆ 116. ಅಂದರೆ ನಿಮ್ಮ 400 ಮಂದಿ 116 ಮಂದಿಯ ಸರಳ ಮಾದರಿಗೆ ಸಮ. ಮೇಲಾಗಿ 8 ಹಳ್ಳಿಗೆ ಸ್ವಾತಂತ್ರ್ಯಾಂಕ (ಡಿಗ್ರೀಸ್ ಆಫ್ ಫ್ರೀಡಂ, ಇಲ್ಲಿ ಹಳ್ಳಿಗಳ ಸಂಖ್ಯೆಗಿಂತ ಒಂದು ಕಡಿಮೆ) 7 ಮಾತ್ರ, ಆದ್ದರಿಂದ 95% ವಿಶ್ವಾಸಕ್ಕೆ ಗುಣಿಸುವ 1.96ರ ಜಾಗದಲ್ಲಿ 2.36 ಬಳಸಬೇಕು. ದೋಷಮಿತಿ 5% ಅಲ್ಲ, ಸುಮಾರು 11%.

ಅದೇ 400ನ್ನು 40 ಹಳ್ಳಿಗೆ ತಲಾ 10ರಂತೆ ಹಂಚಿ ನೋಡಿ: ಎಫೆಕ್ಟ್ 1.45, ದೋಷಮಿತಿ ಸುಮಾರು 6%.

ಹಳ್ಳಿ ಆರಿಸುವಾಗ ಚೀಟಿ ಎತ್ತಬೇಡಿ, ಗಾತ್ರಕ್ಕೆ ಅನುಗುಣವಾಗಿ ಆರಿಸಿ. ಎಲ್ಲ ಹಳ್ಳಿಗಳ ಸದಸ್ಯೆಯರ ಸಂಖ್ಯೆ ಬರೆದು ಪಕ್ಕದಲ್ಲಿ ಸಂಚಿತ ಮೊತ್ತ ಹಾಕಿ. 12,000 ÷ 40 = 300, ಇದು ಅಂತರ. 1ರಿಂದ 300ರೊಳಗೆ ಒಂದು ಯಾದೃಚ್ಛಿಕ ಸಂಖ್ಯೆ ತೆಗೆಯಿರಿ. 137 ಬಂದರೆ 137, 437, 737... ಯಾವ ಹಳ್ಳಿಯ ಸಂಚಿತ ಮೊತ್ತದೊಳಗೆ ಬೀಳುತ್ತವೋ ಆ ಹಳ್ಳಿಗಳು ನಿಮ್ಮವು. ದೊಡ್ಡ ಹಳ್ಳಿ ಎರಡು ಸಲ ಬಂದರೆ ಅಲ್ಲಿ 20 ಮಂದಿ. ಹತ್ತಕ್ಕಿಂತ ಕಡಿಮೆ ಸದಸ್ಯೆಯರಿರುವ ಹಳ್ಳಿಯನ್ನು ಮೊದಲೇ ಪಕ್ಕದ ಹಳ್ಳಿಗೆ ಸೇರಿಸಿಬಿಡಿ. ಹೀಗೆ ಮಾಡಿದರೆ ಪ್ರತಿಯೊಬ್ಬರಿಗೂ ಸಮಾನ ಅವಕಾಶ (30ರಲ್ಲಿ 1), ಪ್ರತ್ಯೇಕ ತೂಕ ಕೊಡುವ ಗೋಜಿಲ್ಲ. ಹಳ್ಳಿಯೊಳಗೆ ಹತ್ತು ಮಂದಿಯನ್ನು ಸಂಘದ ಪುಸ್ತಕದಿಂದ ನೀವೇ ಆರಿಸಬೇಕು. ಅಧ್ಯಕ್ಷೆ ಕರೆತಂದವರನ್ನು ಮಾತಾಡಿಸಿದರೆ ಇಷ್ಟೆಲ್ಲ ಮಾಡಿದ್ದೂ ವ್ಯರ್ಥ.

ಉತ್ತರ 2 (ಅಂಕಿಅಂಶ_ಪಾಠ)

ಕೈ-ವರ್ಗದ ಬಗ್ಗೆ. ಶಿಕ್ಷಣ 5 ಗುಂಪು, ಉತ್ತರ 5 ಹಂತ, ಒಟ್ಟು 25 ಕೋಶ. 400ರಲ್ಲಿ ಪದವೀಧರರು 12, ‘ಖಂಡಿತ ಒಪ್ಪುವುದಿಲ್ಲ’ ಎಂದವರು 20 ಇದ್ದರೆ ಆ ಕೋಶದ ನಿರೀಕ್ಷಿತ ಸಂಖ್ಯೆ (ಸಂಬಂಧವೇ ಇಲ್ಲದಿದ್ದರೆ ಬರಬೇಕಾದದ್ದು) 12 × 20 ÷ 400 = 0.6. ಯಾವ ಕೋಶದಲ್ಲೂ ಇದು 1ಕ್ಕಿಂತ ಕೆಳಗಿಳಿಯಬಾರದು. 5ಕ್ಕಿಂತ ಕಡಿಮೆ ಇರುವ ಕೋಶಗಳು 20% ದಾಟಬಾರದು. ಎಸ್‌ಪಿಎಸ್‌ಎಸ್ ಇದನ್ನು ಕೋಷ್ಟಕದ ಅಡಿಟಿಪ್ಪಣಿಯಲ್ಲಿ ಹೇಳುತ್ತದೆ, ಹೆಚ್ಚಿನವರು ಅದನ್ನು ಓದುವುದೇ ಇಲ್ಲ. ಗುಂಪುಗಳನ್ನು ಕೂಡಿಸುವುದಾದರೆ ಯಾವುದಕ್ಕೆ ಯಾವುದು ಎಂದು ಫಲಿತಾಂಶ ನೋಡುವ ಮೊದಲೇ ನಿರ್ಧರಿಸಿ.

ಇನ್ನೂ ಮುಖ್ಯ ಮಾತು: ಎರಡೂ ಚಲಕಗಳಿಗೆ ಏರುಕ್ರಮ ಇದೆ. ಕೈ-ವರ್ಗ ಆ ಕ್ರಮವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 12 ಹೇಳಿಕೆಗಳ ಅಂಕ ಕೂಡಿಸಿ (12ರಿಂದ 60) ಶಿಕ್ಷಣದ ಜೊತೆ ಸ್ಪಿಯರ್‌ಮನ್ ಸಹಸಂಬಂಧ (ಏರುಕ್ರಮವನ್ನು ಆಧರಿಸಿ ಸಂಬಂಧ ಅಳೆಯುವ ವಿಧಾನ) ತೆಗೆಯುವುದು ನಿಮ್ಮ ಪ್ರಶ್ನೆಗೆ ಹತ್ತಿರ. ಕೂಡಿಸುವ ಮೊದಲು ನಕಾರಾತ್ಮಕ ಹೇಳಿಕೆಗಳ ಅಂಕ ತಿರುಗಿಸಿ, ಅಂದರೆ 6ರಿಂದ ಕಳೆಯಿರಿ. ಕ್ರೋನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) ಋಣಾತ್ಮಕ ಬಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಉತ್ತರ ಕೊಡದವರಿಗೆ 9 ಕೋಡ್ ಹಾಕಿದ್ದರೆ ಅದನ್ನು ‘ಮಿಸ್ಸಿಂಗ್’ ಎಂದು ಘೋಷಿಸಿ. ನಿಜವಾದ ಸರಾಸರಿ 3.0 ಇದ್ದು 400ರಲ್ಲಿ ಬರೇ 20 ಮಂದಿಗೆ 9 ಉಳಿದರೂ ಸರಾಸರಿ 3.3 ಆಗುತ್ತದೆ. ಅಷ್ಟು ಸಣ್ಣ ಏರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಂಎ_ನಾಲ್ಕನೇ_ಸೆಮ್

ಬಹಳ ಉಪಕಾರವಾಯಿತು. 40 ಹಳ್ಳಿ ಒಬ್ಬಳಿಂದ ಆಗದು. 20 ಆದರೆ? ಮತ್ತೆ ವಿಶ್ಲೇಷಣೆಯಲ್ಲಿ ಹಳ್ಳಿಯನ್ನು ಹೇಗೆ ಸೇರಿಸುವುದು?

ಉತ್ತರ 1 (ಮಾದರಿ_ಲೆಕ್ಕ)

20 × 20 ಮಾಡಿ. ಎಫೆಕ್ಟ್ 1.95, ದೋಷಮಿತಿ ಸುಮಾರು 7%. ಪ್ರಬಂಧದಲ್ಲಿ 7% ಎಂದೇ ಬರೆಯಿರಿ. ಎಂ.ಎ. ಮಟ್ಟಕ್ಕೆ ಅದು ಗೌರವದ ಕೆಲಸ, 5% ಎಂದು ಬರೆದರೆ ಸುಳ್ಳಾಗುತ್ತದೆ.

ದತ್ತಾಂಶದ ಹಾಳೆಯಲ್ಲಿ ಹಳ್ಳಿಯ ಸಂಖ್ಯೆಗೆ ಈಗಲೇ ಒಂದು ಕಾಲಂ ಇಡಿ, ಆಮೇಲೆ ಹುಡುಕಿ ತುಂಬುವುದು ಕಷ್ಟ. ಎಸ್‌ಪಿಎಸ್‌ಎಸ್‌ನ ಸಾಮಾನ್ಯ ಮೆನು ಕ್ಲಸ್ಟರನ್ನು (ಒಟ್ಟಿಗೆ ಆರಿಸಿದ ಗುಂಪು, ಇಲ್ಲಿ ಹಳ್ಳಿ) ಗಮನಿಸುವುದಿಲ್ಲ. ಅದಕ್ಕೆ ಕಾಂಪ್ಲೆಕ್ಸ್ ಸ್ಯಾಂಪಲ್ಸ್ ಎಂಬ ಬೇರೆ ಮಾಡ್ಯೂಲ್ ಬೇಕು. ಉಚಿತವಾಗಿ ಸಿಗುವ ‘ಆರ್’ ತಂತ್ರಾಂಶದ ‘ಸರ್ವೆ’ ಪ್ಯಾಕೇಜಿನಲ್ಲಿ ಹಳ್ಳಿಯನ್ನು ಕ್ಲಸ್ಟರ್ ಎಂದು ಒಮ್ಮೆ ತಿಳಿಸಿದರೆ ಸಾಕು. ಅದರ ಕೈ-ವರ್ಗ ಪರೀಕ್ಷೆಯಲ್ಲಿ ಕ್ಲಸ್ಟರಿಗೆ ತಕ್ಕಂತೆ ಫಲಿತಾಂಶ ಸರಿಪಡಿಸುವ ರಾವ್-ಸ್ಕಾಟ್ ತಿದ್ದುಪಡಿ ತಾನಾಗಿಯೇ ಸೇರಿರುತ್ತದೆ.