ನಾದಿನಿಗೆ ಕಿವಿ ಕೇಳಿಸುವುದಿಲ್ಲ, ಅವಳ ಸನ್ನೆ ಭಾಷೆ ಕಲಿಯೋದು ಹೇಗೆ?

ಕಾರಟಗಿ ಸೊಸೆ:
ಮದುವೆಯಾಗಿ ಕಾರಟಗಿಗೆ ಬಂದು ವರ್ಷ ಆಗುತ್ತಾ ಬಂತು. ನಾದಿನಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಹಾಸ್ಟೆಲ್‌ನಲ್ಲಿದ್ದು ಕಿವುಡ ಮಕ್ಕಳ ಶಾಲೆಯಲ್ಲಿ ಓದಿದ್ದಾಳೆ. ಗೆಳತಿಯರು ವಿಡಿಯೋ ಕಾಲ್ ಮಾಡಿದರೆ ಸಾಕು, ಅವಳ ಕೈ ಓಡುವುದನ್ನು ನೋಡುತ್ತಾ ನಿಂತುಬಿಡುತ್ತೇನೆ. ಮನೆಯವರ ಜೊತೆ ಮಾತ್ರ ಊಟ, ನೀರು, ಬಾ, ಹೋಗು, ಅಷ್ಟೇ. ರಾತ್ರಿ ಎಲ್ಲರೂ ರೊಟ್ಟಿ ತಿನ್ನುತ್ತಾ ಭತ್ತದ ರೇಟು, ಯಾರದೋ ಮದುವೆ ಅಂತ ಮಾತಾಡಿ ನಗುತ್ತೇವೆ. ಅವಳು ನನ್ನ ತೋಳು ಹಿಡಿದು ಏನು ಅಂತ ಕೇಳುತ್ತಾಳೆ. ಯಾರೋ ಒಬ್ಬರು 'ಆಮೇಲೆ ಹೇಳ್ತೀವಿ' ಅಂತ ಕೈ ಮಾಡುತ್ತಾರೆ. ಆ ಆಮೇಲೆ ಬರುವುದೇ ಇಲ್ಲ.

ಇಲ್ಲಿ ಕ್ಲಾಸ್ ಯಾವುದೂ ಸಿಕ್ಕಿಲ್ಲ. ಮೊಬೈಲ್ ನೋಡಿ ಕಲಿಯಬಹುದಾ? ಅತ್ತೆಗೆ ಬೇರೆ ಭಯ, ಕೈಸನ್ನೆ ಜಾಸ್ತಿಯಾದರೆ ಅವಳು ಆಡುವ ನಾಲ್ಕು ಮಾತೂ ನಿಂತುಹೋಗುತ್ತವೆ ಅಂತ.

ರಾಯಚೂರು ಅಣ್ಣ:
ಅಕ್ಕಾರೆ, ನನ್ನ ತಮ್ಮನೂ ಕಿವುಡ. 'ಆಮೇಲೆ ಹೇಳ್ತೀವಿ' ಅನ್ನೋದು ಅವನಿಗೂ ಬಹಳ ನೋವು ಕೊಟ್ಟ ಮಾತು.

ಮೊಬೈಲಲ್ಲಿ ಖಂಡಿತ ಶುರು ಮಾಡಿ. ಆದರೆ ಭಾರತದ ಸನ್ನೆ ಭಾಷೆಯೇ ಹೌದಾ ಅಂತ ನೋಡಿಕೊಳ್ಳಿ. ಅಮೆರಿಕದ ವಿಡಿಯೋಗಳೇ ಜಾಸ್ತಿ ಸಿಗುತ್ತವೆ. ಅವರು ಇಂಗ್ಲಿಷ್ ಅಕ್ಷರಗಳನ್ನು ಒಂದೇ ಕೈಯಲ್ಲಿ ತೋರಿಸುತ್ತಾರೆ, ನಮ್ಮಲ್ಲಿ ಎರಡೂ ಕೈ ಬೇಕು. ದೆಹಲಿಯಲ್ಲಿ 2015ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರದ ಯೂಟ್ಯೂಬ್ ಚಾನೆಲ್ ಇದೆ. ಅವರದೇ 10,000 ಪದಗಳ ವಿಡಿಯೋ ನಿಘಂಟು ಇದೆ, ಸೈನ್ ಲರ್ನ್ ಅನ್ನೋ ಆ್ಯಪ್ ಕೂಡ ಇದೆ. ಎಲ್ಲವೂ ಫ್ರೀ.

ಅಲ್ಲಿ ಸಿಗೋದು ಪದಗಳು. ಮಾತು ಕಲಿಯೋದು ನಾದಿನಿಯಿಂದಲೇ. ಮುಖವೂ ಮಾತಾಡಬೇಕು. 'ಊಟ, ಮುಗೀತು' ಅಂತ ಕೈ ಮಾಡಿದರೆ ಊಟ ಆಯ್ತು ಅಂತ. ಅದನ್ನೇ ಹುಬ್ಬು ಏರಿಸಿ, ತಲೆ ಸ್ವಲ್ಪ ಮುಂದೆ ತಂದು ಮಾಡಿದರೆ ಊಟ ಆಯ್ತಾ ಅಂತ ಕೇಳಿದ ಹಾಗೆ. ಯಾರು, ಏನು, ಎಲ್ಲಿ ಅನ್ನೋದು ಕೊನೆಗೆ ಬರುತ್ತದೆ. ಕನ್ನಡದವರಿಗೆ ಇದು ಕಷ್ಟ ಆಗಲ್ಲ.

ಅವರ ರೀತಿ ರಿವಾಜೂ ಕಲಿಯಿರಿ. ಕರೆಯಬೇಕಾದರೆ ಭುಜ ಮೆಲ್ಲಗೆ ತಟ್ಟಿ. ದೂರ ಇದ್ದರೆ ಕೈ ಬೀಸಿ, ಇಲ್ಲವೇ ಲೈಟ್ ಆರಿಸಿ ಹಾಕಿ. ನೆಲಕ್ಕೆ ಕಾಲು ಬಡಿಯೋದೂ ಉಂಟು, ನಮ್ಮ ಬಂಡೆ ಹಾಸಿದ ನೆಲದಲ್ಲಿ ಅದು ಅಷ್ಟಾಗಿ ತಿಳಿಯಲ್ಲ. ಅವಳು ಮಾತಾಡುವಾಗ ಕಣ್ಣು ಬೇರೆ ಕಡೆ ತಿರುಗಿಸಬೇಡಿ, ಅದು ಕಿವಿ ಮುಚ್ಚಿಕೊಂಡ ಹಾಗೆ. ಊಟಕ್ಕೆ ಸಾಲಾಗಿ ಕೂರುವುದು ಬಿಡಿ, ಸುತ್ತಲೂ ಕೂತರೆ ಎಲ್ಲರ ಮುಖ ಕಾಣುತ್ತದೆ. ಒಂದು ಕೈಯಲ್ಲಿ ರೊಟ್ಟಿ ಇದ್ದರೂ ಇನ್ನೊಂದು ಕೈಯಲ್ಲಿ ಮಾತು ನಡೆಯುತ್ತದೆ. ದಿನಕ್ಕೊಬ್ಬರು ಅವಳ ಎದುರು ಕೂತು, ಭತ್ತದ ರೇಟಾದರೂ ಸರಿ, ಆಗಲೇ ಹೇಳಲಿ. ಇದೊಂದು ತಪ್ಪಿಸಬೇಡಿ.

ಸಿರುಗುಪ್ಪ ಟೀಚರ್:
ಅತ್ತೆಯವರಿಗೆ ಧೈರ್ಯ ಹೇಳಿ, ಸನ್ನೆಯಿಂದ ಬಾಯಿಮಾತು ನಿಲ್ಲಲ್ಲ. ಒಂದು ಭಾಷೆ ಗಟ್ಟಿ ಇದ್ದರೆ ಇನ್ನೊಂದಕ್ಕೆ ಆಸರೆಯೇ. ಈ ಭಯ ಬಹಳ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರು, ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕು ಅಂತ ಠರಾವು ಮಾಡಿದರು. ಎಷ್ಟೋ ದೇಶಗಳ ಶಾಲೆಗಳಲ್ಲಿ ಸನ್ನೆ ನಿಂತೇಹೋಯಿತು. ಆ ಠರಾವು ತಪ್ಪು ಅಂತ ಅದೇ ಸಮ್ಮೇಳನದವರು ಒಪ್ಪಿದ್ದು 2010ರಲ್ಲಿ, ಕೆನಡಾದಲ್ಲಿ. ಅಷ್ಟರಲ್ಲಿ ಎಷ್ಟು ಮಕ್ಕಳ ಬಾಲ್ಯ ಕಳೆದುಹೋಯಿತೋ. ನನಗೆ ಈಗಲೂ ಸಿಟ್ಟು ಬರುತ್ತದೆ.

ಕಾರಟಗಿ ಸೊಸೆ:
ಅಣ್ಣಾರೆ, ಟೀಚರ್, ತುಂಬಾ ಥ್ಯಾಂಕ್ಸ್. ನಿಘಂಟಿನ ವಿಡಿಯೋ ನಾದಿನಿಗೆ ತೋರಿಸಿದೆ. ಕೆಲವು ಪದಕ್ಕೆ ತಲೆ ಅಲ್ಲಾಡಿಸಿ ಬೇರೆ ಥರ ಮಾಡಿ ತೋರಿಸಿದಳು. ಯಾವುದು ಕಲಿಯಲಿ?

ರಾಯಚೂರು ಅಣ್ಣ:
ಅವಳದ್ದೇ. ಊರಿಂದ ಊರಿಗೆ, ಶಾಲೆಯಿಂದ ಶಾಲೆಗೆ ಸನ್ನೆ ಬದಲಾಗುತ್ತದೆ. ವಿಡಿಯೋದ್ದೂ ಗೊತ್ತಿರಲಿ, ಹೊರಗಿನ ಕಿವುಡರು ಸಿಕ್ಕಾಗ ಬೇಕಾಗುತ್ತದೆ. ನಿಮಗೊಂದು ಸನ್ನೆ ಹೆಸರು ಇಡೋಕೆ ಅವಳನ್ನೇ ಕೇಳಿ, ಅದನ್ನು ಇಡೋರು ಕಿವುಡರೇ. ನನ್ನ ತಮ್ಮ ನನಗೆ ಇಟ್ಟಿರೋದು ಗದ್ದದ ಮೇಲಿನ ಗಾಯದ ಗುರುತು. ಅವನ ಗೆಳೆಯರೆಲ್ಲ ನನ್ನನ್ನು ಅದರಿಂದಲೇ ಕರೆಯೋದು.